ನೆಲಕ್ಕೆ ಕಟ್ಟಿದ ಮನೆ

ಮೇ ತಿಂಗಳು ಮುಗಿಯುತ್ತ ಬಂತೆಂದರೆ ಬಾರ್ಬಡೋಸ್ ದ್ವೀಪದ ಸೇಂಟ್ ಫಿಲಿಪ್ ಸೀಮೆಯ ಜನ ಮಾತಾಡುತ್ತ ಮಾತಾಡುತ್ತಲೇ ಒಮ್ಮೆ ಸೂರಿನ ಕಡೆ ಕಣ್ಣೆತ್ತುತ್ತಾರೆ. ಚಂಡಮಾರುತದ ಕಾಲ ಶುರುವಾಗುವುದು ಜೂನಿನಲ್ಲಿ. ತಗಡು ಸಡಿಲವಾಗಿದೆಯೇ, ಕಿಟಕಿಯ ಹಲಗೆ ನೆಟ್ಟಗಿದೆಯೇ ಎಂಬ ಚಿಂತೆ ಎಲ್ಲರದು. ಎರ್ಸ್ಕಿನ್ ಗಿಟನ್ಸನಿಗೆ ಮಾತ್ರ ಎರಡು ವರ್ಷದಿಂದ ಆ ಚಿಂತೆ ಇರಲಿಲ್ಲ. ಕಣ್ಣೆತ್ತಿ ನೋಡಲು ಅವನಿಗೆ ಸೂರೇ ಇರಲಿಲ್ಲ.

ಹಿಂದಿನ ಸಲದ ಗಾಳಿ ಅವನ ಮರದ ಮನೆಯನ್ನು ತಳಕ್ಕೆ ಬರಿದೆ ಇಟ್ಟಿದ್ದ ಹವಳಗಲ್ಲುಗಳ ಮೇಲಿಂದ ಎತ್ತಿ, ಪಕ್ಕದ ಗುಂಡಿಗೆ ಕೆಡವಿ ಮುರಿದು ಹಾಕಿತ್ತು. ಅಂದಿನಿಂದ ಅವನೂ ಹೆಂಡತಿ ಐಯಾಂಥಳೂ ಅವಳ ತಂಗಿ ಸಿಲ್ವೀನಳ ಮನೆಯ ಹಿಂದಿನ ಕೋಣೆಯಲ್ಲಿದ್ದರು. ಸಿಲ್ವೀನ್ ಒಳ್ಳೆಯವಳೇ. ಆದರೆ ಅಲ್ಲಿ ಡಾಮಿನೋ ಆಟದ ಕಾಯಿಯನ್ನು ಮೇಜಿಗೆ ಬಡಿಯುವಂತಿಲ್ಲ. ಕೆಮ್ಮು ಬಂದರೂ ಅಂಗಳಕ್ಕೆ ಹೋಗಬೇಕು.

ಈಗ ಐಯಾಂಥ್ ಒಂದು ರೆಡಿಮೇಡ್ ಮನೆ ಗೊತ್ತು ಮಾಡಿದ್ದಳು. ಕಾರ್ಖಾನೆಯಲ್ಲೇ ಗೋಡೆ, ಸೂರು ಎಲ್ಲ ತಯಾರಾಗಿ ಲಾರಿಯಲ್ಲಿ ಬರುವ ಮನೆ. ನಲವತ್ತು ವರ್ಷ ಬಡಗಿ ಕೆಲಸ ಮಾಡಿದ ಎರ್ಸ್ಕಿನ್ ಮೊದಲು ಮೂಗು ಮುರಿದ. ಆಮೇಲೆ ಕಾರ್ಖಾನೆಗೇ ಹೋಗಿ ನೋಡಿದ. ಗೋಡೆಗೆ ಗುದ್ದಿದ, ಸೂರಿನ ನಾಲ್ಕೂ ಇಳಿಜಾರನ್ನು ಸುತ್ತಿ ಬಂದ, ಕೀಲುಗಳಿಗೆ ಕಣ್ಣು ಹಚ್ಚಿದ. "ಪರವಾಗಿಲ್ಲ" ಎಂದ. ಅವನ ಬಾಯಲ್ಲಿ ಅಷ್ಟು ಬಂದರೆ ದೊಡ್ಡ ಹೊಗಳಿಕೆ.

ಶನಿವಾರ ಮನೆ ಬರುವುದಿತ್ತು. ಬುಧವಾರ ಬೆಳಿಗ್ಗೆ, ಊರಿನ ವಿಪತ್ತು ಸಮಿತಿಯಲ್ಲಿದ್ದ ಗಾರೆ ಕೆಲಸದ ಮರ್ಲ್ ಇಯರ್‌ವುಡ್ ಮನೆಯನ್ನು ನೆಲಕ್ಕೆ ಬಿಗಿಯುವ ಬೋಲ್ಟುಗಳ ಗುಂಡಿಗೆ ಗುರುತು ಹಾಕಲು ದಾರದುಂಡೆ ಹಿಡಿದು ಅವರ ಖಾಲಿ ಜಾಗಕ್ಕೆ ಬಂದಳು. ಬಂದು ನೋಡಿದರೆ ಎರ್ಸ್ಕಿನ್ ಹಳೆಯ ಹವಳಗಲ್ಲುಗಳನ್ನು ಸಾಲಾಗಿ ಜೋಡಿಸುತ್ತಿದ್ದ.

"ಏನಿದು ಮಿಸ್ಟರ್ ಗಿಟನ್ಸ್, ಒಲೆ ಹೂಡ್ತಿದ್ದೀರಾ?"

"ಒಲೆಯಲ್ಲ ಮಿಸ್ ಮರ್ಲ್, ಮನೆಗೆ ಕಾಲು. ನಮ್ಮಪ್ಪನ ಮನೆ ನಿಂತಿದ್ದ ಕಲ್ಲು ಇವು."

"ನಿಂತಿತ್ತಾ? ಆ ಗುಂಡೀನ ಕೇಳಿದ್ರೆ ಬೇರೆ ಕಥೆ ಹೇಳತ್ತಲ್ಲ!"

ದಿವಿಹಲಸಿನ ಮರದಡಿ ಮೀನು ಹಸನು ಮಾಡುತ್ತಿದ್ದ ಐಯಾಂಥ್ ಕಿಸಕ್ಕೆಂದಳು.

"ನಗಿ, ನಗಿ," ಎಂದ ಎರ್ಸ್ಕಿನ್. "ಮನೆ ಗಟ್ಟಿ ಇದೆ ಅಂತ ನೀವೇ ಹೇಳಿದ್ರಿ. ಗಟ್ಟಿ ಮನೆಗೆ ಬೋಲ್ಟು ಯಾಕೆ?"

"ಗಾಳಿ ಬರೀ ಪಕ್ಕದಿಂದ ತಳ್ಳಲ್ಲ. ಮೇಲಕ್ಕೂ ಎತ್ತತ್ತೆ. ಸೂರು ಗೋಡೆ ಕೈ ಹಿಡ್ಕೊಂಡಿರಬೇಕು, ಗೋಡೆ ತಳದ ತೊಲೆ ಕೈ ಹಿಡ್ಕೊಂಡಿರಬೇಕು, ತೊಲೆ ನೆಲದ ಕೈ ಹಿಡ್ಕೊಂಡಿರಬೇಕು. ಕೊನೆಯವನು ಕೈ ಬಿಟ್ರೆ ಗಟ್ಟಿ ಮನೆ ಗಟ್ಟಿಯಾಗೇ ಹಾರಿ ಹೋಗತ್ತೆ. ಅದಕ್ಕೇ ಗುಂಡಿ ತೋಡಿ, ಕಾಂಕ್ರೀಟು ಹಾಕಿ, ಬೋಲ್ಟು ನೆಡೋದು."

ಎರ್ಸ್ಕಿನ್ ಕಲ್ಲಿನ ಮೇಲೆ ಕೂತ.

"ನನ್ನಜ್ಜ ಕಬ್ಬಿನ ಧಣಿ ಜಾಗದಲ್ಲಿದ್ದ. ಒಂದಿನ ಏನೋ ಎದುರು ಮಾತಾಡಿದ. ಸಂಜೆಯೊಳಗೆ ಖಾಲಿ ಮಾಡು ಅಂದ ಧಣಿ. ಅಜ್ಜ ಬೆಣೆ ಬಿಚ್ಚಿದ, ಗೋಡೆ ಕಳಚಿದ, ಮನೇನ ಗಾಡಿಗೆ ಹೇರಿದ, ಅಜ್ಜೀನ ಮೇಲೆ ಕೂರಿಸ್ಕೊಂಡು ಹೊರಟ. ಆ ಮನೆಗೆ ಬೋಲ್ಟು ಹಾಕಿದ್ದಿದ್ರೆ ಬೀದಿಯಲ್ಲಿರ್ತಿದ್ದ. ಮನೆಗೆ ಬೇಡಿ ಹಾಕ್ಬೇಡ ಅಂತ ಅಪ್ಪನಿಗೆ ಹೇಳಿದ್ದ. ಅಪ್ಪ ನನಗೆ ಹೇಳಿದ."

ಮರ್ಲ್ ಈ ಸಲ ತಮಾಷೆ ಮಾಡಲಿಲ್ಲ. ಅವಳ ಅಜ್ಜಿಯೂ ಹಾಗೇ ಗಾಡಿಯ ಮೇಲೆ ಕೂತು ಬಂದವಳು. ಆ ಊರಿನಲ್ಲಿ ಯಾರ ಅಜ್ಜಿ ಕೂತಿಲ್ಲ? ಅವಳು ದಾರ ಸುತ್ತಿಕೊಂಡಳು.

ಮಾತಾಡಿದವಳು ಐಯಾಂಥ್. ಮೀನಿನ ಕೈಯನ್ನು ತೊಳೆದುಕೊಳ್ಳುತ್ತ ಕೇಳಿದಳು:

"ಎರ್ಸ್ಕಿನ್, ಈ ಜಾಗ ಯಾರದು?"

"ನಮ್ಮದೇ ಕಣೇ. ಪತ್ರ ನಿನ್ನ ಪೆಟ್ಟಿಗೆಯಲ್ಲೇ ಇದೆಯಲ್ಲ."

"ಹಾಗಾದ್ರೆ ನಮ್ಮನ್ನ ಎಬ್ಬಿಸೋರು ಯಾರು?"

ಅವನು ತಲೆ ಕೆರೆದುಕೊಂಡ.

"ಧಣಿ ಹೋಗಿ ಎಷ್ಟು ಕಾಲ ಆಯ್ತು! ಈಗ ನಮ್ಮನ್ನ ಖಾಲಿ ಮಾಡಿ ಅನ್ನೋಕೆ ಬರೋದು ಗಾಳಿ ಒಂದೇ. ಧಣಿ ಸಂಜೆ ತನಕ ಹೊತ್ತು ಕೊಟ್ಟ. ಗಾಳಿ ಕೊಡತ್ತಾ?"

ಎರ್ಸ್ಕಿನ್ ಬಗ್ಗಿ ಕಾಲ ಬಳಿಯ ಮಣ್ಣನ್ನು ಒಂದು ಹಿಡಿ ಎತ್ತಿಕೊಂಡ. ಅದು ಅವನ ಮಣ್ಣು. ಅಜ್ಜನಿಗೆ ಇಂಥದ್ದೊಂದು ಮಾರು ಜಾಗವಿದ್ದಿದ್ದರೆ ಅವನು ಗಾಡಿಯನ್ನೇ ಸೀಳಿ ಸೌದೆ ಮಾಡುತ್ತಿದ್ದ ಎನ್ನಿಸಿತು. ಎದ್ದು ಹೋಗಿ ಪಿಕಾಸಿ ತಂದ.

"ಎಷ್ಟು ಆಳ, ಮಿಸ್ ಮರ್ಲ್?"

ಶನಿವಾರ ಅರ್ಧ ಊರೇ ಸೇರಿತು. ಲಾರಿಯಿಂದ ಗೋಡೆಗಳು ಇಳಿದವು, ಬೆಳಿಗ್ಗೆ ಖಾಲಿಯಿದ್ದ ಜಾಗದಲ್ಲಿ ಮಧ್ಯಾಹ್ನಕ್ಕೆ ಬಾಗಿಲು ನಿಂತಿತು. ಐಯಾಂಥ್ ಕಾರ್ಖಾನೆಯವನನ್ನು ಬಿಡಲಿಲ್ಲ.

"ಗಟ್ಟಿ ಅಂತ ಬಾಯಲ್ಲಿ ಹೇಳಿದ್ರೆ ಸಾಲ್ದು ಸ್ವಾಮಿ. ಎಷ್ಟು ವೇಗದ ಗಾಳಿ ತಡೆಯತ್ತೆ ಅಂತ ಪರೀಕ್ಷೆ ಮಾಡಿದ ಕಾಗದ ಕೊಡಿ. ಸರ್ಕಾರದ ಎಂಜಿನಿಯರ್ ಸಹಿ ಎಲ್ಲಿ?"

ಅವನು ಕಾಗದ ಕೊಟ್ಟ, ಸಹಿಯನ್ನೂ ತೋರಿಸಿದ. ಅಷ್ಟರಲ್ಲಿ ಎರ್ಸ್ಕಿನ್ ಏಣಿ ಹತ್ತಿ, ಸೂರನ್ನು ಗೋಡೆಗೆ ಬಿಗಿಯುವ ಉಕ್ಕಿನ ಪಟ್ಟಿಗಳನ್ನು ಒಂದೊಂದಾಗಿ ಎಳೆದು ನೋಡುತ್ತಿದ್ದ. "ಇಲ್ಲೊಂದು ಪಟ್ಟಿಗೆ ಎರಡು ಸ್ಕ್ರೂ ಕಮ್ಮಿ!" ಎಂದು ಮೇಲಿಂದಲೇ ಗುಡುಗಿದ. ಬೋಲ್ಟು ಬೇಡವೆಂದವನೇ ಬೋಲ್ಟುಗಳ ಮುಂದೆ ಮಂಡಿಯೂರಿ, ಸ್ಪ್ಯಾನರ್ ಹಿಡಿದು, ಪ್ರತಿಯೊಂದನ್ನೂ ಇನ್ನರ್ಧ ಸುತ್ತು ಬಿಗಿದ.

"ಸಾಕು ಮಾರಾಯಾ, ದ್ವೀಪಾನೇ ಎಳ್ಕೊಂಡು ಬಂದೀಯ!" ಎಂದ ಡಾಮಿನೋ ಗೆಳೆಯ ಫಿಟ್ಜ್.

ಮರ್ಲ್ ನಕ್ಕಳು: "ಇದಕ್ಕೇ ಅಲ್ವಾ ಮನೆ ಕಟ್ಟೋದು ಅನ್ನೋದು. ಕಟ್ಟಿದ ಮೇಲೆ ಕಟ್ಟಿದ ಹಾಗಿರಬೇಕು."

ಹಾರುಮೀನಿನ ಸಾರು, ಬೆಂಡೆಕಾಯಿ ಹಾಕಿ ತಿರುವಿದ ಮೆಕ್ಕೆಜೋಳದ ಮುದ್ದೆ, ಮರದ ತೊಗಟೆ ಕುದಿಸಿ ಮಾಡಿದ ಕಹಿಸಿಹಿ ಮಾಬಿ ಪಾನಕ. ಹೊಸ ನೆಲದ ಮೇಲೆ ಸಂಜೆಯ ತನಕ ಡಾಮಿನೋ ಕಾಯಿಗಳು ಪಟಪಟನೆ ಬಡಿದವು.

ಗಾಳಿ ಆಗಸ್ಟಿನಲ್ಲಿ ಬಂತು. ಆಶ್ರಯಕ್ಕೆ ಹೋಗಿ ಎಂದು ರೇಡಿಯೋ ಹೇಳಿದಾಗ ಇಬ್ಬರೂ ಕಿಟಕಿ ಪಡಿಗಳನ್ನು ಬಿಗಿದು, ಊರಿನ ಆಶ್ರಯತಾಣವಾಗಿದ್ದ ಶಾಲೆಗೆ ಹೋದರು. ಮರುದಿನ ಗಾಳಿ ನಿಂತ ಮೇಲೆ, ಬಿದ್ದ ಕೊಂಬೆಗಳನ್ನು ದಾಟುತ್ತ ಮನೆ ಕಡೆ ನಡೆದರು. ತಿರುವಿನ ಹತ್ತಿರ ಎರ್ಸ್ಕಿನ್ ನಿಂತುಬಿಟ್ಟ.

"ನೀನು ಮುಂದೆ ಹೋಗಿ ನೋಡೇ. ನನ್ನ ಕೈಲಾಗಲ್ಲ."

ಐಯಾಂಥ್ ತಿರುವು ದಾಟಿದಳು. ಆಮೇಲೆ ಅವಳ ಕೂಗು: "ಬಾರೋ! ಎಲ್ಲಿತ್ತೋ ಅಲ್ಲೇ ಇದೆ!"

ದಿವಿಹಲಸಿನ ಮರ ಬುಡಮೇಲಾಗಿತ್ತು. ಬೇಲಿ ಕಾಣೆ. ಮನೆ ಮಾತ್ರ ಮುಖ ತೊಳೆದುಕೊಂಡಂತೆ ಹೊಳೆಯುತ್ತ ನಿಂತಿತ್ತು. ಎರ್ಸ್ಕಿನ್ ಹೋಗಿ ಅದಕ್ಕೆ ಹೆಗಲು ಕೊಟ್ಟು ತಳ್ಳಿದ. ಅಲ್ಲಾಡಲಿಲ್ಲ. ಇನ್ನೊಮ್ಮೆ ತಳ್ಳಿದ. ಎಪ್ಪತ್ತರ ಮುದುಕ ಹೆಂಡತಿಯ ಸೊಂಟ ಹಿಡಿದು ಕೆಸರಿನಲ್ಲೇ ಕುಣಿದ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಅಜ್ಜಂದಿರು ಕಲ್ಲಿನ ಮೇಲೆ ಮನೆ ಇಟ್ಟದ್ದು ದಡ್ಡತನದಿಂದಲ್ಲ. ಆ ಕಾಲಕ್ಕೆ ಅದೇ ಜಾಣತನ. ನಮ್ಮ ಕಾಲದ ಜಾಣತನ ಬೇರೆ. ಹೊಸ ಮನೆ ಕೊಳ್ಳುವವರು ಬಣ್ಣ ನೋಡುವ ಮೊದಲು ಪರೀಕ್ಷೆಯ ಕಾಗದ ಕೇಳಿ. ಸೂರಿನಿಂದ ನೆಲದವರೆಗೆ ಎಲ್ಲೂ ಕೊಂಡಿ ತಪ್ಪಿಲ್ಲವೆಂದು ನಿಮ್ಮ ಕಣ್ಣಾರೆ ನೋಡಿ. ಎಷ್ಟೇ ಗಟ್ಟಿ ಮನೆಯಿರಲಿ, ಆಶ್ರಯಕ್ಕೆ ಹೋಗಿ ಎಂದರೆ ಹೋಗಿ. ಹಳೆಯ ಮನೆಯಲ್ಲಿರುವವರು ಒಂದು ಟಾರ್ಚು ಹಿಡಿದು ಬಗ್ಗಿ ಮನೆಯಡಿ ನೋಡಿ. ಬರೀ ಕಲ್ಲು ಕಂಡರೆ ನೇರ ಹೋಗಿ ನಿಮ್ಮೂರಿನ ವಿಪತ್ತು ಸಮಿತಿಯ ಬಾಗಿಲು ತಟ್ಟಿ. ಇವತ್ತು ಗಾಳಿಯಿಲ್ಲ, ಬಿಸಿಲು ಚೆನ್ನಾಗಿದೆ. ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ದಿನ ಸಿಗದು.