ಸೋಮವಾರದ ಒಂಬತ್ತು ಮಾತುಗಳು

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಸೇಡಂನಿಂದ ಫೋನ್ ಬರುತ್ತಿತ್ತು. ಆಯಿ ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ದೊಡ್ಡ ಮಗ ಸಿದ್ದರಾಮಪ್ಪನಿಂದ ನಂಬರು ಒತ್ತಿಸಿಕೊಂಡು ಕೂರುವ ಹೊತ್ತು ಅದು. ಶಿವಶರಣಪ್ಪ ಹೈದರಾಬಾದಿಗೆ ಬಂದು ಕೋಠಿಯ ಸೀರೆ ಅಂಗಡಿ ಸೇರಿ ಇಪ್ಪತ್ತಾರು ವರ್ಷ. ಮೊದಲು ಬೂತಿನ ಫೋನಿನಲ್ಲಿ, ಆಮೇಲೆ ಮೊಬೈಲಿನಲ್ಲಿ, ತಾಯಿ ಮಗನ ಈ ಸೋಮವಾರದ ಮಾತು ತಪ್ಪಿದ್ದಿಲ್ಲ.

ಈಗ ಅದು ತಪ್ಪದಂತೆ ನೋಡಿಕೊಳ್ಳುವುದು ಶಿವಶರಣಪ್ಪನ ಮಗಳು ಸಪ್ನಾಳ ಕೆಲಸವಾಗಿತ್ತು.

ಒಂದೂವರೆ ತಿಂಗಳ ಹಿಂದೆ ಅಪ್ಪನ ಗಂಟಲಿನ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೇ ತೆಗೆದಿದ್ದರು. ಕೊರಳ ಬುಡದಲ್ಲಿ ಎಂಟಾಣೆಯಷ್ಟು ಅಗಲದ ತೂತು, ಉಸಿರೆಲ್ಲ ಅಲ್ಲಿಂದಲೇ. ಅಂಗಡಿಯ ಬಾಗಿಲಲ್ಲಿ ನಿಂತು ಕನ್ನಡ, ತೆಲುಗು, ಹಿಂದಿ, ಮರಾಠಿಯಲ್ಲಿ ಗಿರಾಕಿಗಳನ್ನು ಕೂಗಿ ಕರೆಯುತ್ತಿದ್ದ ಮನುಷ್ಯ ಕಾಚಿಗೂಡದ ಎರಡು ಕೋಣೆಯ ಮನೆಯಲ್ಲಿ ಪಾಟಿಯ ಮೇಲೆ ಬಳಪದಲ್ಲಿ ಬರೆಯುತ್ತ ಕೂತಿದ್ದ.

ಆಯಿಗೆ ಇದು ಗೊತ್ತಿರಲಿಲ್ಲ. ಹೋದ ವರ್ಷ ಕಿರಿಯ ಮಗ ಚಂದ್ರಕಾಂತ ತೀರಿಕೊಂಡಾಗ ಆಕೆ ಹದಿನೆಂಟು ದಿನ ಗಂಜಿ ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. “ಇನ್ನೊಂದು ಸುದ್ದಿ ಬಿತ್ತಂದ್ರ ಅವ್ವ ಉಳಿಯಂಗಿಲ್ಲ. ನನ್ನ ಆಣೆ ಐತಿ, ಯಾರೂ ಬಾಯಿ ಬಿಡಬ್ಯಾಡ್ರಿ,” ಎಂದಿದ್ದ ಸಿದ್ದರಾಮಪ್ಪ ದೊಡ್ಡಪ್ಪ. ಆಪರೇಷನ್ನಿಗೆ ಮೂರು ದಿನ ಇರುವಾಗ ಉಪಾಯ ಹೇಳಿದವನು ಅಪ್ಪನೇ.

“ಅವ್ವ ಎಲ್ಲಿ ನನಗ ಮಾತಾಡಗೊಡ್ತಾಳ? ಹೂಂ ಅನ್ನೋದು, ಆರಾಮ ಅದೀನಿ ಅನ್ನೋದು, ಉಂಡೀನಿ ಅನ್ನೋದು. ಇಷ್ಟೇ. ತುಂಬಿ ಇಟ್ಕೋ ನಿನ್ನ ಡಬ್ಬ್ಯಾಗ,” ಎಂದು ಸಪ್ನಾಳ ಲ್ಯಾಪ್‌ಟಾಪ್ ತೋರಿಸಿದ್ದ.

ಸಪ್ನಾಳಿಗೆ ಅದು ಗೊತ್ತಿದ್ದ ಕೆಲಸ. ಡಿಗ್ರಿ ಮುಗಿಸಿದ ಮೇಲೆ ಮಣಿಕೊಂಡದ ಒಂದು ಕಂಪನಿಗಾಗಿ ಮನೆಯಲ್ಲೇ ಕೂತು ಆನ್‌ಲೈನ್ ಪಾಠಗಳ ಧ್ವನಿ ಶುಚಿ ಮಾಡುತ್ತಿದ್ದಳು. ಮೇಷ್ಟ್ರುಗಳ ಕೆಮ್ಮು, ನಿಟ್ಟುಸಿರು, ಮಾತಿನ ನಡುವಿನ ಖಾಲಿ, ಎಲ್ಲವನ್ನೂ ಕತ್ತರಿಸಿ ಎಸೆಯುವುದು. ಅಪ್ಪನ ಎರಡು ತಾಸಿನ ರೆಕಾರ್ಡಿಂಗನ್ನೂ ಹಾಗೆಯೇ ಕತ್ತರಿಸಿದಳು. ಅದರ ತುಂಬ ಕೆಮ್ಮಿತ್ತು. ಎರಡು ಮಾತಿನ ನಡುವೆ ಎಂಜಲು ನುಂಗಲಾಗದೆ ನುಂಗುವ ಶಬ್ದವಿತ್ತು. ಒಂಬತ್ತು ಮಾತು ಉಳಿಸಿಕೊಂಡು ಮೂಲವನ್ನು ಅಳಿಸಿಬಿಟ್ಟಳು. ಲ್ಯಾಪ್‌ಟಾಪಿನಲ್ಲಿ ಜಾಗವಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಜಾಗವಿತ್ತು. ಆ ಕೆಮ್ಮು ಮನೆಯೊಳಗೆ ಎಲ್ಲೋ ಇದೆ ಎನ್ನುವುದನ್ನು ತಾಳಲು ಅವಳಿಂದ ಆಗಿರಲಿಲ್ಲ.

ಆ ಒಂಬತ್ತು ಬಿಟ್ಟರೆ ಅಪ್ಪನ ಧ್ವನಿ ಬೇರೆಲ್ಲೂ ಇರಲಿಲ್ಲ. ಅವನದು ಹಳೆಯ ಕೀಪ್ಯಾಡ್ ಫೋನು. ನೆಂಟರ ಮದುವೆ ವಿಡಿಯೊಗಳಲ್ಲಿ ಬಾಜಾದ ಸದ್ದಿನ ನಡುವೆ ಅವನ ಬಾಯಿ ಮಾತ್ರ ಅಲ್ಲಾಡುತ್ತಿತ್ತು.

ಒಂಬತ್ತನ್ನೂ ಒಂದು ಸಾಫ್ಟ್‌ವೇರಿನೊಳಗೆ ಕೂರಿಸಿದಳು, ಬೇರೆ ಪ್ರತಿ ಇಡಲಿಲ್ಲ. ಕೀಬೋರ್ಡಿನ ಒಂದು ಒತ್ತಿದರೆ “ಹೂಂ ಯವ್ವಾ.” ಎರಡಕ್ಕೆ “ಆರಾಮ ಅದೀನಿ.” ಮೂರಕ್ಕೆ “ಉಂಡೀನಿ, ನೀ ಉಂಡಿ?” ಐದಕ್ಕೆ “ಮಳಿ ಆತೇನ್ ಅಲ್ಲಿ?” ಎಂಟಕ್ಕೆ “ಅಂಗಡಿಗೆ ಹೊತ್ತಾತು, ಇಡ್ಲಾ?” ಒಂಬತ್ತನೆಯದು ಆಯಿಗೆ ಸಂಬಂಧಿಸಿದ್ದೇ ಅಲ್ಲ. ರೆಕಾರ್ಡಿಂಗ್ ನಡುವೆ ಬಾಯಾರಿಕೆಯಾಗಿ ಅಪ್ಪ ಕೂಗಿದ್ದು: “ಸಪ್ನಾ, ನೀರು ತಾರವ್ವಾ.” ಅದನ್ನು ಕತ್ತರಿಸಲು ಅವಳಿಗೆ ಕೈ ಬಂದಿರಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಅಪ್ಪ ಅದನ್ನು ಕಂಡುಹಿಡಿದ. ದಿನಕ್ಕೆರಡು ಸಲ ಮೇಜಿನ ಹತ್ತಿರ ಬಂದು ಕೈ ಚಾಚಿ ಒಂಬತ್ತು ಒತ್ತುವನು. ಸಪ್ನಾ ನೀರು ತರುವಳು.

“ಬಳಪ ಉಳೀತು ನೋಡ್ರಿ,” ಎಂದು ಅಮ್ಮ ಶಾರದಾಬಾಯಿ ಅಡುಗೆಮನೆಯಿಂದ ಚೇಷ್ಟೆ ಮಾಡುವಳು. “ನನ್ನ ಹೆಸರು ಮಾತ್ರ ತುಂಬಿಸ್ಲಿಲ್ಲ. ನನ್ನ ಕರದ್ರ ಕರೆಂಟ್ ಬಿಲ್ಲು ಜಾಸ್ತಿ ಬರ್ತಿತ್ತೇನು?”

ಅಪ್ಪನ ಹೆಗಲು ಕುಣಿಯುತ್ತಿತ್ತು. ನಗು ಈಗ ಹೆಗಲಿಗೆ ಇಳಿದಿತ್ತು.

ಪರದೆಯ ಎಡಕ್ಕೆ ಮಾತುಗಳ ಪಟ್ಟಿ, ಬಲಕ್ಕೆ ಟಿಪ್ಪಣಿ ಬರೆಯುವ ಚೌಕ. ಯಾವ ವಾರ ಯಾವ ಮಾತು ಬಳಸಿದೆ ಎಂದು ಸಪ್ನಾ ಚೌಕದಲ್ಲಿ ಬರೆದಿಡುತ್ತಿದ್ದಳು. ಎರಡರಲ್ಲಿ ಯಾವುದು ಎಚ್ಚರವಾಗಿದೆಯೋ ಅದರ ಸುತ್ತ ಒಂದು ತೆಳು ನೀಲಿ ಗೆರೆ ಮೂಡುತ್ತಿತ್ತು. ಗೆರೆ ಪಟ್ಟಿಯ ಸುತ್ತ ಇದ್ದರೆ ಎರಡು ಒತ್ತಿದಾಗ ಅಪ್ಪ ಮಾತಾಡುವನು. ಚೌಕದ ಸುತ್ತ ಇದ್ದರೆ ಎರಡು ಬರೀ ಎರಡು. ನೋಡುವವಳ ಕಣ್ಣು ಎಲ್ಲಿದೆ ಎಂಬುದು ಕೀಬೋರ್ಡಿಗೆ ಬೇಕಿಲ್ಲ. ಕೊನೆಯ ಕ್ಲಿಕ್ ಎಲ್ಲಿ ಬಿತ್ತೋ ಅಲ್ಲಿಯೇ ಅದರ ಲಕ್ಷ್ಯ.

ಆರು ಸೋಮವಾರ ಸುಸೂತ್ರವಾಗಿ ಕಳೆದವು. ಆಯಿ ತೊಗರಿಯ ಸುದ್ದಿ, ನೆರೆಮನೆಯ ಮೌನಪ್ಪನ ಎಮ್ಮೆ ಈದ ಸುದ್ದಿ ಹೇಳುತ್ತಿದ್ದಳು. ಸಪ್ನಾ ತಡೆತಡೆದು ಒಂದು ಒತ್ತುತ್ತಿದ್ದಳು, ನಡುವೆ ಎರಡು, ಕೊನೆಗೆ ಎಂಟು. ಅಪ್ಪ ಮಂಚದ ಮೇಲೆ ಕೂತು ತನ್ನ ಮಾತನ್ನು ತಾನೇ ಕೇಳುತ್ತಿದ್ದ. ಆಗ ಅವನ ಮುಖ ನೋಡುವುದನ್ನು ಸಪ್ನಾ ತಪ್ಪಿಸುತ್ತಿದ್ದಳು.

ಏಳನೆಯ ಸೋಮವಾರ ಹತ್ತಕ್ಕೆ ಇನ್ನೇನು ಒಂದು ನಿಮಿಷವಿದೆ ಎನ್ನುವಾಗ ಅವಳು ಚೌಕದಲ್ಲಿ “ಏಳನೇ ವಾರ, ಮಳೆಯ ಮಾತು ಬೇಡ” ಎಂದು ಬರೆದಳು. ಫೋನ್ ಬಂತು. ಸ್ಪೀಕರಿಗೆ ಹಾಕಿ ಲ್ಯಾಪ್‌ಟಾಪಿನ ಪಕ್ಕ ಇಟ್ಟಳು.

“ಶರಣಾ, ಹೆಂಗದಿಯೋ?”

ಎರಡು ಒತ್ತಿದಳು. ಮಾತು ಬರಲಿಲ್ಲ. ಅವಳ ಕಣ್ಣು ಪಟ್ಟಿಯ ಮೇಲೆಯೇ ಇತ್ತು, ಎರಡನೆಯ ಸಾಲಿನ ಮೇಲೆ. ಮತ್ತೆ ಒತ್ತಿದಳು. ಮತ್ತೆ.

“ಶರಣಾ? ಕೇಳ್ತೈತಿಲ್ಲೋ?”

ಆಗ ಕಂಡಿತು. ಬಲಗಡೆ ಚೌಕದಲ್ಲಿ ‘ಬೇಡ’ದ ಮುಂದೆ ಮೂರು ಎರಡುಗಳು ಕೂತಿದ್ದವು. ನೀಲಿ ಗೆರೆ ಅಲ್ಲಿತ್ತು. ಅವಳ ಬಲಗೈ ಮೌಸ್ ಎಳೆದು ಪಟ್ಟಿಯ ಮೊದಲ ಸಾಲಿನ ಮೇಲೆ ಕ್ಲಿಕ್ ಮಾಡಿತು. ಅದೇ ಉಸಿರಿನಲ್ಲಿ ಎಡಗೈ ಚಾಚಿ, ತಪ್ಪಾಗಿ ಬಿದ್ದ ಅಂಕಿ ಅಳಿಸಲು, ಅಳಿಸುವ ಕೀಯನ್ನು ಒತ್ತಿ ಹಿಡಿಯಿತು. ದಿನವಿಡೀ ತಪ್ಪು ಅಳಿಸಿ ರೂಢಿಯಾದ ಕೈ ಅದು. ಆದರೆ ಗೆರೆ ಆಗಲೇ ಪಟ್ಟಿಗೆ ಬಂದಿತ್ತು. “ಹೂಂ ಯವ್ವಾ” ಹೋಯಿತು. “ಆರಾಮ ಅದೀನಿ” ಹೋಯಿತು. ಬೆರಳು ಎತ್ತಬೇಕು ಎಂದು ತಿಳಿಯುವ ಹೊತ್ತಿಗೆ ಪಟ್ಟಿ ಬಿಳಿಯಾಗಿತ್ತು. ಅಳಿಸಲೇ ಎಂದು ಸಾಫ್ಟ್‌ವೇರು ಕೇಳಲಿಲ್ಲ. ಮೊದಲ ವಾರ ಕೇಳಿದಾಗ, ಇನ್ನು ಕೇಳಬೇಡ ಎಂದು ಅವಳೇ ಗುರುತು ಹಾಕಿದ್ದಳು.

ಅಳಿಸಿದ್ದನ್ನು ಮರಳಿ ತರುವ ಕಂಟ್ರೋಲ್ ಜೆಡ್ ಒತ್ತಿದಳು. ಬರಿದಾದ ಪಟ್ಟಿ ಬಿಟ್ಟು ಗೆರೆ ತಾನಾಗಿ ಚೌಕಕ್ಕೆ ಮರಳಿತ್ತು. ಚೌಕದ ಮೂರು ಎರಡುಗಳು ಮಾಯವಾದವು. ಅಳಿಸಬೇಕೆಂದಿದ್ದುದು ಈಗ ಅಳಿಸಿ ಹೋಗಿತ್ತು. ಲ್ಯಾಪ್‌ಟಾಪಿನ ಕಸದ ಬುಟ್ಟಿ ತೆರೆದಳು. ಅದರಲ್ಲಿ ಏನೂ ಇರಲಿಲ್ಲ.

“ಏನಾತು?” ಬಾಗಿಲಲ್ಲಿ ಅಮ್ಮ ಪಿಸುಗುಟ್ಟಿದಳು.

“ಹೋದ್ವು.”

ಅಮ್ಮ ಒಂದೇ ಹೆಜ್ಜೆಗೆ ಫೋನಿನತ್ತ ಬಾಗಿದಳು. “ಅತ್ತೀ, ಆರಾಮದೀರ್ರೀ? ಇಲ್ಲಿ ನೆಟ್‌ವರ್ಕ್ ಬರವಲ್ದುರಿ.”

“ನಿನ್ನ ಮಾತು ಗಂಟಿ ಬಡದಂಗ ಕೇಳ್ತೈತಿ. ಅವಂದಷ್ಟೇ ಹೋಗ್ತೈತೇನು ನೆಟ್‌ವರ್ಕು?”

“ಅಲ್ಲರಿ, ಅವರು ಜಳಕಕ್ಕ ಹೋಗ್ಯಾರ್ರಿ.”

“ಹತ್ತು ಗಂಟೆಕ್ಕ? ನಾ ಫೋನ್ ಮಾಡೋ ಹೊತ್ತಿನ್ಯಾಗ?” ಆಯಿಯ ದನಿ ಸಣ್ಣಗಾಯಿತು. “ಶಾರದಾ, ನನ್ನ ಮಗ ಇದ್ದಾನಿಲ್ಲ?”

ಅಮ್ಮ ಸಪ್ನಾಳತ್ತ ತಿರುಗಿದಳು. ಬಾಯಿ ತೆರೆದರೆ ಸುಳ್ಳಾಗುತ್ತದೋ ಅಳುವಾಗುತ್ತದೋ ಸಪ್ನಾಳಿಗೆ ತಿಳಿಯಲಿಲ್ಲ. ಚಂದ್ರಕಾಂತ ಕಾಕಾ ತೀರಿಕೊಂಡಾಗಲೂ ಆಯಿಗೆ ಮೊದಲು ಹೇಳಿದ್ದು ನೆಟ್‌ವರ್ಕ್ ಇಲ್ಲ ಎಂದೇ.

ಅಪ್ಪ ಮಂಚದಿಂದ ಎದ್ದ. ಫೋನ್ ಎತ್ತಿಕೊಂಡ. ಒಂದು ಗಳಿಗೆ ಅದನ್ನು ಕಿವಿಯ ಹತ್ತಿರ ಹಿಡಿದ. ಆಮೇಲೆ ಕೊರಳಿಗೆ ಸುತ್ತಿದ್ದ ಟವೆಲ್ ಸರಿಸಿ, ಫೋನನ್ನು ಆ ತೂತಿನ ಮುಂದೆ ತಂದ.

ಉಸಿರು ಹೋಯಿತು, ಬಂತು. ಹಸಿಯಾದ, ಸಣ್ಣಗೆ ಶಿಳ್ಳೆ ಬೆರೆತ ಉಸಿರು. ಸಪ್ನಾ ಇಂಥದ್ದನ್ನೇ ಎರಡು ತಾಸಿನ ಉದ್ದಕ್ಕೂ ಹುಡುಕಿ ಹುಡುಕಿ ಕತ್ತರಿಸಿದ್ದಳು.

ಸೇಡಂನಲ್ಲಿ ಆಯಿ ಫೋನನ್ನು ಕಿವಿಗೆ ಒತ್ತಿಕೊಂಡ ಸರಪರ ಸದ್ದು ಬಂತು.

“ಇದು ನೀನೇ,” ಎಂದಳು ಆಯಿ. “ಸಣ್ಣಾವಿದ್ದಾಗ ಗೂರಲು ಬಂದ್ರ ಹಿಂಗೇ ಉಸಿರು ಎಳೀತಿದ್ದಿ. ಆರು ವಾರ ಆತು ಶರಣಾ, ಪ್ರತಿ ವಾರ ಒಂದೇ ನಮೂನಿ ‘ಆರಾಮ ಅದೀನಿ’ ಅಂತಿದ್ದಿ. ಎಮ್ಮಿ ಈದೈತಿ ಅಂದ್ರೂ ಹಂಗೇ, ಎಮ್ಮಿ ಸತ್ತೈತಿ ಅಂದ್ರೂ ಹಂಗೇ. ಇವ ಯಾವನೋ ಬ್ಯಾರೆ ಅಂತ ಸಿದ್ದಗ ಹೇಳೀದೆ. ನಿನ್ನ ಕಿವಿ ಹೋಗ್ಯಾವ ಅಂದ.”

ದೂರದಿಂದ ದೊಡ್ಡಪ್ಪನ ದನಿ ಬಂತು: “ಯವ್ವಾ, ಯಾಕ ಅಳಾಕತ್ತಿ?”

“ನೀ ಸುಮ್ಮಿರು, ಸುಳ್ಳಾ.” ಮತ್ತೆ ಫೋನಿಗೆ: “ಮಾತು ಹೋದ್ರ ಹೋಗ್ಲಿ. ಗಂಟಲಾಗ ಅನ್ನ ಇಳೀತೈತೇನಪ್ಪ? ಇಳೀತಿದ್ರ ಒಮ್ಮೆ ಬಡಿ.”

ಅಪ್ಪ ಬೆರಳ ಗೆಣ್ಣಿನಿಂದ ಮೇಜಿಗೆ ಒಮ್ಮೆ ಬಡಿದ.

“ನೋವು ಐತಿ?”

ಅಪ್ಪ ಕೈ ಎತ್ತಿದ, ತಡೆದ. ಬಡಿಯಲಿಲ್ಲ. ಸಪ್ನಾಳಿಗೆ ಗೊತ್ತಿತ್ತು, ನೋವು ಇತ್ತು.

“ಆತು. ನಾ ಏನೂ ಕೇಳಂಗಿಲ್ಲ. ಫೋನ್ ಮಾತ್ರ ಇಡಬ್ಯಾಡ.”

ಫೋನ್ ಇಡಲಿಲ್ಲ. ಸೇಡಂನ ಕೋಳಿ ಕೂಗಿದ್ದು ಕಾಚಿಗೂಡದಲ್ಲಿ ಕೇಳಿತು. ಇಪ್ಪತ್ತು ನಿಮಿಷದ ಮೇಲೆ ಅತ್ತಲಿಂದ ಯಾರೋ ಕರೆ ಕತ್ತರಿಸಿದರು. ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, ಆಯಿಯನ್ನು ಕರೆದುಕೊಂಡು ಬರುವ ಮಾತಾಡಲು ದೊಡ್ಡಪ್ಪನಿಗೆ ಫೋನ್ ಹಚ್ಚುತ್ತ ಹೊರಗೆ ಹೋದಳು.

ಅಪ್ಪನ ಹೆಗಲು ಕೆಳಗಿಳಿದಿತ್ತು, ಹೊರೆ ಇಳಿಸಿದವರ ಹಾಗೆ. ಅವನು ಮೇಜಿನ ಹತ್ತಿರ ಬಂದ. ಸಪ್ನಾ ತಡೆಯುವುದರೊಳಗೆ ಕೈ ಚಾಚಿ ಒಂಬತ್ತು ಒತ್ತಿದ.

ಚೌಕದಲ್ಲಿ ಒಂದು ಒಂಬತ್ತು ಮೂಡಿತು.

“ಅಪ್ಪಾ,” ಎಂದಳು. ಅವನು ನೋಡಿದ. “ಎಲ್ಲಾ ಅಳಿಸಿ ಹೋದ್ವು. ನನ್ನ ಕೈಲೆ. ಒಂಬತ್ತೂ. ಮೊದಲಿನ ರೆಕಾರ್ಡಿಂಗೂ ಇಲ್ಲ, ಅದನ್ನ ಆವಾಗೇ ತಗದಿದ್ದೆ.”

ಅಪ್ಪ ಬಿಳಿಯ ಪಟ್ಟಿಯನ್ನು ನೋಡಿದ. ಪಾಟಿ ಮಂಚದ ಮೇಲಿತ್ತು, ಅದಕ್ಕೆ ಕೈ ಹಾಕಲಿಲ್ಲ. ಮೇಜು ಗುದ್ದಿದರೆ, ಬೈಗುಳವನ್ನಾದರೂ ಬರೆದರೆ ಸಾಕಿತ್ತು. ಅವಳು ಎದ್ದು ಅಡುಗೆಮನೆಗೆ ಹೋಗಿ ಮಡಕೆಯ ಮುಚ್ಚಳ ತೆಗೆದಳು. ಚೊಂಬು ನೀರಿಗಿಳಿಸುವಾಗ ಹಿಂದಿನಿಂದ ಕೀ ಒತ್ತಿದ ಸಣ್ಣ ಸದ್ದು ಬಂತು, ಸ್ವಲ್ಪ ತಡೆದು ಇನ್ನೊಂದು: ಒಂಬತ್ತರ ಮುಂದೆ ಅಪ್ಪ ಏನೋ ಬರೆಯತೊಡಗಿದ್ದ.