ಯಾದಿರಾಳ ಕೊನೆಯ ಹನ್ನೊಂದು ಹಾಡು

"ಇನ್ನೊಂದ್ಸಲ ಹಾಕಪ್ಪ," ಎಂದಳು ತಾರ್ಹೇಲಿಯಾ ಮುದುಕಿ. ಹಾಗೆ ಕೇಳುತ್ತಿದ್ದುದು ಇದು ಮೂರನೆಯ ಸಲ.

ರೆಕಾರ್ಡಿಂಗ್ ಮಾಡುವ ವಾಚೊ ಗುಂಡಿ ಒತ್ತಿದ. ಗ್ವಾಯಾಕಿಲ್ ನಗರದ ಆ ಸ್ಟುಡಿಯೋದ ದೊಡ್ಡ ಸ್ಪೀಕರುಗಳಲ್ಲಿ, ಸತ್ತು ನಾಲ್ಕು ವರ್ಷವಾದ ಯಾದಿರಾ ಮತ್ತೆ ಮೊದಲಿನಿಂದ ಹಾಡತೊಡಗಿದಳು. ಮುದುಕಿ ಸ್ಪೀಕರಿನ ಮುಂದಿನ ಬಟ್ಟೆಗೆ ಅಂಗೈ ಊರಿ ನಿಂತಿದ್ದಳು, ಜ್ವರ ಬಂದ ಮಗುವಿನ ಎದೆ ಮುಟ್ಟಿ ನೋಡುವ ಹಾಗೆ. ಕಣ್ಣೀರು ಗಲ್ಲದಿಂದ ಇಳಿದು ಅವಳ ಕಪ್ಪು ಅಂಗಿಯ ಕೊರಳಪಟ್ಟಿ ತೋಯಿಸುತ್ತಿತ್ತು. ದೊಡ್ಡ ಮಗಳು ಯಾದಿರಾ ಹೋದಂದಿನಿಂದ ದಾಉಲೆ ಊರಿನ ಮನೆಯಲ್ಲಿ ಅವಳು ಒಂದು ದಿನವೂ ರೇಡಿಯೋ ಹಾಕಿದವಳಲ್ಲ. ಬಸ್ಸು ಹತ್ತಿ ಇಲ್ಲಿಗೆ ಬರಲು ಒಪ್ಪಿದ್ದೇ ಹೆಚ್ಚು.

ಹಾಡಿನ ಕಂಪನಿಯ ಓಲ್ಗಿನ್ ಸಾಹೇಬ ತಾನೂ ಒಂದಿಷ್ಟು ಕಣ್ಣೊರೆಸಿಕೊಂಡು, ಮೇಜಿನ ಮೇಲಿದ್ದ ಕಾಗದವನ್ನು ಮುದುಕಿಯ ಕಡೆಗೆ ಅಷ್ಟಷ್ಟೇ ತಳ್ಳಿದ. "ಹನ್ನೊಂದು ಹಾಡಮ್ಮ! ಯಾರೂ ಕೇಳಿಲ್ಲ. ಹಳೇ ಕಂಪ್ಯೂಟರಲ್ಲಿ ಧೂಳು ತಿಂತಾ ಬಿದ್ದಿದ್ವು. ಒಂದೊಂದರ ಮೇಲೂ ನಿಮ್ಮ ಮಗಳ ಹೆಸರಿದೆ. ಸತ್ತವರ ಹಬ್ಬದ ಹೊತ್ತಿಗೆ ಬಿಡುಗಡೆ ಮಾಡೋಣ. ತಾಯಿದೊಂದು ಸಹಿ, ಸಾಕ್ಷಿಗೆ ತಂಗೀದೊಂದು ಸಹಿ, ಅಷ್ಟೇ."

ಸಾಕ್ಷಿ ಹಾಕಬೇಕಾದ ತಂಗಿ ಸೋಯ್ಲಾ ಬಾಗಿಲಿಗೆ ಒರಗಿ ನಿಂತಿದ್ದಳು. ಆ ಕೋಣೆಯಲ್ಲಿ ಅಳದೆ ಇದ್ದವಳು ಅವಳೊಬ್ಬಳೇ. ಅಳುವುದಿರಲಿ, ಎ.ಸಿ.ಯ ತಂಪಿನಲ್ಲೂ ಅವಳಿಗೆ ಬೆವರು ಕಿತ್ತುಕೊಂಡು ಬಂದಿತ್ತು. ಸ್ಪೀಕರಿನಲ್ಲಿ ಹಾಡುತ್ತಿದ್ದವಳು ಯಾದಿರಾ ಅಲ್ಲ, ಅವಳೇ.

ವಾಚೊ ಮುಂದಿನ ಹಾಡು ಹಾಕಿದ. ವಾದ್ಯ ಶುರುವಾಗುವ ಮುಂಚೆ, ತಗಡು ಕೆರೆದಂಥ ಒಂದು ದನಿ ಕೇಳಿತು. "ಇನ್ನೊಂದ್ಸಲ, ಗುಬ್ಬಿ. ಮೊದ್ಲಿಂದ. ಕೊನೇಲಿ ಉಸಿರು ನುಂಗ್ಬೇಡ." ವಾಚೊ ತಟ್ಟನೆ ನಿಲ್ಲಿಸಿದ.

"ಯಾರದು?" ಮುದುಕಿ ತಿರುಗಿದಳು. "ಗಂಡಸೋ, ಹೆಂಗಸೋ?"

ವಾಚೊ ಸೋಯ್ಲಾಳ ಮುಖ ನೋಡಿದ.

"ಕಾಫಿ ಕೊಡೋಳಮ್ಮ," ಎಂದಳು ಸೋಯ್ಲಾ. "ಆಗ ಇಲ್ಲೊಬ್ಬಳಿದ್ಲು. ಸಿಗರೇಟು ಸೇದಿ ಸೇದಿ ಗಂಟ್ಲು ಹಾಳು ಮಾಡ್ಕೊಂಡಿದ್ಲು."

"ಪಾಪ," ಎಂದಳು ಮುದುಕಿ, ಮತ್ತೆ ಸ್ಪೀಕರಿನ ಕಡೆ ತಿರುಗಿದಳು.

ಆ ಹನ್ನೊಂದು ಹಾಡುಗಳಲ್ಲಿ ಯಾದಿರಾಳದ್ದು ಅಂತ ಇದ್ದದ್ದು ಆ ತಗಡು ದನಿಯ ಮಾತೊಂದೇ.

ಆ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಹೆಸರಾಂತ ಗಾಯಕಿ ಬರುವ ಮೊದಲು ಬೇರೆ ಯಾರಾದರೂ ಇಡೀ ಹಾಡು ಹಾಡಿ ದಾರಿ ಹಾಕಿಕೊಡುತ್ತಾರೆ. ಆ ದಾರಿ ಹಿಡಿದು ವಾದ್ಯದವರು ನುಡಿಸುತ್ತಾರೆ. ಆಮೇಲೆ ಗಾಯಕಿ ಬಂದು ಹಾಡುತ್ತಾಳೆ, ದಾರಿ ತೋರಿದ ದನಿಯನ್ನು ಅಳಿಸಿಬಿಡುತ್ತಾರೆ. ಹಾಡಿದವರು ಯಾರೇ ಆಗಲಿ, ಮೇಲೆ ಬರೆಯುವ ಹೆಸರು ಮಾತ್ರ ಗಾಯಕಿಯದು. ಹದಿನಾರು ವರ್ಷ ಅಕ್ಕನಿಗೆ ದಾರಿ ಹಾಕಿದವಳು ಸೋಯ್ಲಾ. ಬೆಳಗ್ಗೆ ಗಾಡಿಯಲ್ಲಿ ಮೀನುಸಾರು ಮಾರಿ, ಕೈಯ ಈರುಳ್ಳಿ ವಾಸನೆ ಹೋಗುವ ಮುಂಚೆ ಇಲ್ಲಿಗೆ ಓಡಿ ಬರುತ್ತಿದ್ದಳು. ಅಕ್ಕ ಎಲ್ಲಿ ದನಿ ಏರಿಸುತ್ತಾಳೆ, ಎಲ್ಲಿ ಬಿಕ್ಕುತ್ತಾಳೆ, ಎಲ್ಲವನ್ನೂ ಹಾಗೆ ಹಾಗೇ ಹಾಡುತ್ತಿದ್ದಳು. ಅವಳು ಹಾಡುತ್ತಿದ್ದಳು, ಇವರು ಅಳಿಸುತ್ತಿದ್ದರು. ಅವಳಿಗೆ ಅದರ ಬೇಜಾರೇ ಇರಲಿಲ್ಲ ಎಂದರೆ ಸುಳ್ಳಾದೀತು.

ಕೊನೆಯ ಎರಡು ವರ್ಷ ಯಾದಿರಾಳ ಗಂಟಲಲ್ಲಿ ಗಡ್ಡೆ. ಕೊಯ್ದರೆ ದನಿ ಹೋಗುತ್ತದೆಂದು ಅವಳು ಕೊಯ್ಯಲು ಬಿಡಲಿಲ್ಲ. ಗಡ್ಡೆ ಮೊದಲು ದನಿಯನ್ನು ತಿಂದಿತು, ಆಮೇಲೆ ಅವಳನ್ನು. ಕತ್ತಿಗೆ ಶಾಲು ಸುತ್ತಿಕೊಂಡು ವಾಚೊನ ಪಕ್ಕ ಕೂತು, ಗಾಜಿನಾಚೆ ಹಾಡುತ್ತಿದ್ದ ತಂಗಿಯನ್ನು ತಿದ್ದುತ್ತಿದ್ದಳು. ಗುಣವಾಗಲಿ, ಬಂದು ನನ್ನ ದನಿ ಕೂರಿಸುತ್ತೇನೆ, ಅನ್ನುತ್ತಿದ್ದಳು. ಅಮ್ಮನಿಗೆ ಹೇಳಕೂಡದೆಂದು ಇಬ್ಬರಿಂದಲೂ ಆಣೆ ಮಾಡಿಸಿಕೊಂಡಿದ್ದಳು. ಭಾನುವಾರ ಭಾನುವಾರ ಊರಿಗೆ ಫೋನು ಮಾಡಿ ಯಾದಿರಾಳ ಹಾಗೆ ನಕ್ಕು ಮಾತಾಡುತ್ತಿದ್ದವಳೂ ಸೋಯ್ಲಾಳೇ. ಇದ್ದಕ್ಕಿದ್ದಂತೆ ಎದೆ ನಿಂತಿತು ಎಂದು ಮುದುಕಿಗೆ ಹೇಳಿ ಹೆಣ ತೋರಿಸಿದ್ದರು.

ಓಲ್ಗಿನ್ ಮುದುಕಿಯನ್ನು ಕರೆದುಕೊಂಡು ಹೋಗಿ ಗೋಡೆಯ ಫೋಟೋಗಳನ್ನು ತೋರಿಸುತ್ತಿದ್ದ. ವಾಚೊ ಸೋಯ್ಲಾಳನ್ನು ಮೆಟ್ಟಿಲ ಹತ್ತಿರ ಹಿಡಿದ.

"ಹೇಳಿಬಿಡ್ತೀಯಾ?"

"ನೀನ್ಯಾಕೆ ಹೇಳ್ಲಿಲ್ಲ, ಅಣ್ಣ?"

"ನನ್ನ ಯಾರು ಕೇಳಿದ್ರು? ಹೆಸರು ನೋಡಿದ್ರು, ಕುಣಿದಾಡಿದ್ರು. ಹೆಸರು ಬರೆದೋನು ನಾನೇ." ವಾಚೊ ಬೋಳುತಲೆ ಉಜ್ಜಿಕೊಂಡ. "ಅಳಿಸ್ಬೇಕಾಗಿತ್ತು. ಬರ್ತೀನಿ ಅಂದಿದ್ಲಲ್ಲ... ಕಾದೆ."

ಸೋಯ್ಲಾಗೆ ಇದು ಬಾಯಲ್ಲಿಟ್ಟ ಬಿಸಿತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ. ಬಾಗಿಲ ಸಂದಿಯಿಂದ ಅಮ್ಮ ಕಾಣುತ್ತಿದ್ದಳು. ಒಂದು ಫೋಟೋದ ಗಾಜನ್ನು ಸೆರಗಿನಂಥ ಶಾಲಿನ ತುದಿಯಿಂದ ಒರೆಸುತ್ತಿದ್ದಳು.

"ನಾಲ್ಕು ವರ್ಷಕ್ಕೆ ಇವತ್ತು ಮಗಳನ್ನ ಮುಟ್ಟಿ ನೋಡ್ತಿದಾಳೆ," ಎಂದಳು ಸೋಯ್ಲಾ. "ಈಗ ಹೇಳಿದ್ರೆ ಅವಳನ್ನ ಎರಡ್ನೇ ಸಲ ಹೂಳ್ದಂಗೆ."

"ಮತ್ತೆ ನೀನು? ಊರೆಲ್ಲ ನಿನ್ನ ಹಾಡು ಕೇಳಿ ಅವಳ ಹೆಸರು ಹೇಳುತ್ತೆ."

"ಅಳಿಸ್ಕೊಂಡು ಅಭ್ಯಾಸ ಆಗಿದೆ ಬಿಡು," ಎಂದು ಒಳಗೆ ಹೋದವಳೇ ಅಮ್ಮನ ಸಹಿಯ ಕೆಳಗೆ ತನ್ನ ಸಹಿ ಹಾಕಿದಳು.

ಸತ್ತವರ ಹಬ್ಬದ ಬೆಳಗ್ಗೆ ಸೋಯ್ಲಾ ಸ್ಮಶಾನದ ಗೇಟಿನ ಬಳಿ ಗಾಡಿ ನಿಲ್ಲಿಸಿದಳು. ಗೋರಿ ತೊಳೆಯಲು ಬಂದವರು, ಹೂವಿನವರು, ಟ್ಯಾಕ್ಸಿಯವರು, ಎಲ್ಲರಿಗೂ ಹಸಿವು. ಅಮ್ಮ ಮುಂಜಾನೆಯೇ ಬಂದು, ಯಾದಿರಾಳ ಗೋರಿ ಉಜ್ಜಿ ತೊಳೆದು, ಈಗ ಗಾಡಿಯ ಪಕ್ಕ ಬೋರಲು ಹಾಕಿದ ಪೆಟ್ಟಿಗೆಯ ಮೇಲೆ ಕೂತು ನಿಂಬೆಹಣ್ಣು ಹಿಂಡುತ್ತಿದ್ದಳು. ಊರಿನಿಂದ ತನ್ನ ಹಳೆಯ ರೇಡಿಯೋ ತಂದಿದ್ದಳು. ಹೊಸ ಬ್ಯಾಟರಿ ಹಾಕಿಸಿದ್ದಳು.

ಹತ್ತು ಗಂಟೆಗೆ ಅದರಲ್ಲಿ ಹಾಡು ಬಂತು. ಜನ ಚಮಚ ಕೆಳಗಿಟ್ಟರು. ಹೂವಿನವಳು ಶಿಲುಬೆಯ ಗುರುತು ಮಾಡಿಕೊಂಡಳು. ಸೋಯ್ಲಾ ಬಟ್ಟಲಿಗೆ ಮೀನು, ಮರಗೆಣಸು ಹಾಕಿ, ಮೇಲೆ ಈರುಳ್ಳಿ ಉದುರಿಸುತ್ತಿದ್ದಳು. ಪಲ್ಲವಿ ಬಂದಾಗ, ಅವಳಿಗೇ ಗೊತ್ತಿಲ್ಲದಂತೆ, ಗಂಟಲು ತೆರೆದುಕೊಂಡಿತು.

"ಅಕ್ಕೋ, ಸ್ವಲ್ಪ ಬಾಯಿ ಮುಚ್ಚು ತಾಯಿ!" ಕೆನ್ನೆ ತುಂಬ ಮರಗೆಣಸು ತುಂಬಿಕೊಂಡಿದ್ದ ಟ್ಯಾಕ್ಸಿಯವನು ಕೂಗಿದ. "ಯಾದಿರಾ ಹಾಡ್ತಿದಾಳೆ. ನೀನೂ ಕಿರುಚಿದ್ರೆ ಸಾರು ಕೆಟ್ಟೋಗುತ್ತೆ. ಅವಳೆಲ್ಲಿ, ನೀನೆಲ್ಲಿ!"

ಎಲ್ಲರೂ ನಕ್ಕರು. ಸೋಯ್ಲಾ ತಾನೂ ನಕ್ಕು ಬಾಯಿ ಮುಚ್ಚಿದಳು. ಅವನ ಬಟ್ಟಲಿಗೆ ಇನ್ನಷ್ಟು ಈರುಳ್ಳಿ ಹಾಕಿದಳು.

ಮುದುಕಿ ಎದ್ದಳು. ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ರೇಡಿಯೋ ನಿಲ್ಲಿಸಿದಳು.

"ಅಯ್ಯೋ ಅಜ್ಜಿ! ನಮ್ಮ ಯಾದಿರಾ!"

"ನಿಮ್ಮ ಯಾದಿರಾ ಆಮೇಲೂ ಹಾಡ್ತಾಳೆ. ಆರೋಗೋ ಮುಂಚೆ ಸಾರು ಕುಡಿ," ಎಂದು ಗದರಿ ಮುದುಕಿ ಮತ್ತೆ ಪೆಟ್ಟಿಗೆಯ ಮೇಲೆ ಕೂತಳು. ಅವನು ಗೊಣಗುತ್ತ ಬಟ್ಟಲು ಹಿಡಿದು ತನ್ನ ಕಾರಿನತ್ತ ಹೋದ. ಆಗ ಅವಳು ತಲೆ ಎತ್ತದೆ ಕೇಳಿದಳು, "ಕಾಫಿ ಕೊಡೋಳು ನಿನ್ನ ಗುಬ್ಬಿ ಅಂತ ಕರೀತಿದ್ಲೇನೆ?"

ಸೋಯ್ಲಾಳ ಕೈಯ ಸೌಟು ಪಾತ್ರೆಯಲ್ಲೇ ನಿಂತಿತು.

"ಆ ಹೆಸರಿಟ್ಟೋಳು ನಿನ್ನಕ್ಕ. ಕರೀತಿದ್ದೋಳೂ ಅವಳೊಬ್ಬಳೇ. ಸಹಿ ಹಾಕಿ ಬಸ್ಸಲ್ಲಿ ಕೂತ್ಮೇಲೆ ಹೊಳೀತು ನನಗೆ." ಮುದುಕಿ ಇನ್ನೊಂದು ನಿಂಬೆಹಣ್ಣು ಕೊಯ್ದಳು. "ಭಾನುವಾರ ಫೋನಲ್ಲಿ ನಗ್ತಿದ್ದೋಳೂ ನೀನೇ ತಾನೆ?"

ಸೋಯ್ಲಾ ಹೌದೆಂದು ತಲೆಯಾಡಿಸಿದಳು. ಈರುಳ್ಳಿಗೆ ಅಳುವುದನ್ನು ಬಿಟ್ಟು ಎಷ್ಟೋ ವರ್ಷವಾಗಿದ್ದ ಕಣ್ಣುಗಳು ಈಗ ತುಂಬಿ ಬಂದವು.

"ಅಷ್ಟು ಕೆಟ್ಟಿತ್ತಾ ಅವಳ ಗಂಟ್ಲು? ಹೆತ್ತೋಳು ನಾನು, ಯಾರೋ ಅನ್ಕೊಂಡು ಪಾಪ ಅಂದೆನಲ್ಲೇ." ಮುದುಕಿ ಹಿಂಡಿ ಮುಗಿದ ಸಿಪ್ಪೆಯನ್ನೇ ಮತ್ತೆ ಮತ್ತೆ ಹಿಂಡಿದಳು. "ಆ ಮಾತು ಇನ್ನೂ ಇದೆಯಾ?"

"ವಾಚೊ ಅಣ್ಣನ ಹತ್ರ ಇದೆ."

"ನನಗೆ ಬೇಕು ಅದು. ಹಾಡೆಲ್ಲ ಅವರಿಗಿರ್ಲಿ." ಮೂಗು ಒರೆಸಿಕೊಂಡು ರೇಡಿಯೋ ಕಡೆ ಗದ್ದ ಎತ್ತಿ ತೋರಿಸಿದಳು. "ಅದು ನಿಲ್ಸಿದ ಕಡೆಯಿಂದ ನೀನು ಹಾಡು."

"ಇಲ್ಲೇನಾ? ಜನ ಬೈತಾರಮ್ಮ."

"ಬೈಲಿ."

ಸೋಯ್ಲಾ ಹಾಡಿದಳು. ಗಾಡಿಯ ಬಿಸಿ ಆವಿಯೊಳಗೆ, ಸಣ್ಣಗೆ, ಸೌಟು ಹಿಡಿದುಕೊಂಡೇ. ಕೊನೆಯ ಸಾಲಿಗೆ ಬರುವಾಗ ಎಂದಿನಂತೆ ಉಸಿರು ನುಂಗಿದಳು.

ಮುದುಕಿ ರಸದಲ್ಲಿ ಬಿದ್ದ ಬೀಜಗಳನ್ನು ಒಂದೊಂದಾಗಿ ಬೆರಳಲ್ಲಿ ಆರಿಸಿ ತೆಗೆಯುತ್ತಿದ್ದಳು.

"ಇನ್ನೊಂದ್ಸಲ," ಎಂದಳು. "ಮೊದ್ಲಿಂದ."