ಹೊಸಬರ ಕೋಲು

ಆಷಾಢ ಹುಟ್ಟಿ ಗಾಳಿ ಬಲವಾಗಿದ್ದ ದಿನಗಳು. ಕುರಿಗಳನ್ನು ಹಟ್ಟಿಯಿಂದ ಬಿಡುವ ಹೊತ್ತಿಗೆ, ಮಮತಾ ತನ್ನ ಗಂಡನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಮಾರಿಕಣಿವೆ ಹಿನ್ನೀರಿನ ದಡಕ್ಕೆ ಬಂದಳು. ನಾನು ಆಗಲೇ ಗಾಳ ಹಾಕಿ ಕುಳಿತಿದ್ದೆ. ಪಕ್ಕದ ಬಂಡೆಯ ಮೇಲೆ ಜಂಬಣ್ಣ. ಹಿಂದಿನ ಗುಡ್ಡದ ಮೇಲೆ ಗಾಳಿಯಂತ್ರಗಳು ಒಂದೇ ಸಮನೆ ತಿರುಗುತ್ತಿದ್ದವು.

ಮಮತಾ ನನ್ನ ತಂಗಿಯ ಮೊಮ್ಮಗಳು. ಗಂಡ ಶಿವರಾಜ್ ಲೈನ್‌ಮನ್. ಹೋದ ಮುಂಗಾರಿನಲ್ಲಿ ಅವನು ಕಂಬದ ಮೇಲಿದ್ದಾಗ ಎಲ್ಲೋ ದೂರದಲ್ಲಿ ಬಿದ್ದ ಸಿಡಿಲು ತಂತಿಯ ಗುಂಟ ಹರಿದು ಬಂದಿತ್ತು. ಸೊಂಟಕ್ಕೆ ಬೆಲ್ಟ್ ಇದ್ದುದರಿಂದ ಜೀವ ಉಳಿಯಿತು. ಬಲಗೈ ಮಾತ್ರ ಮರದ ಕೈಯಂತಾಯಿತು. ವರ್ಷ ತುಂಬುತ್ತ ಬಂದಂತೆ ಕೈಗೆ ಸ್ವಲ್ಪ ಸ್ವಲ್ಪ ಜೀವ ಬರುತ್ತಿದೆ ಎಂದು ಹಿರಿಯೂರಿನ ಡಾಕ್ಟರು ಹೇಳುತ್ತಿದ್ದರು. ಶಿವರಾಜ್ ನಂಬುತ್ತಿರಲಿಲ್ಲ. ಅವರು ಸೂಜಿ ಮುಟ್ಟಿಸಿದರೆ ಚುರುಕ್ಕೆನ್ನುತ್ತಿತ್ತಂತೆ. ಆದರೆ ಸೂಜಿ ಕಣ್ಣಿಗೆ ಕಾಣುತ್ತದಲ್ಲ, ಅದಕ್ಕೇ ಹಾಗನ್ನಿಸುತ್ತದೆ ಎನ್ನುವುದು ಅವನ ವಾದ. ಕಣ್ಣು ಮುಚ್ಚಿಕೋ ಎಂದರೆ, ಚುಚ್ಚುತ್ತಾರೆಂದು ಗೊತ್ತಿದ್ದ ಮೇಲೆ ಮನಸ್ಸೇ ಚುಚ್ಚಿಕೊಳ್ಳುತ್ತದೆ ಎನ್ನುತ್ತಿದ್ದ.

ಅವನ ಮೇಲಧಿಕಾರಿ ಒಳ್ಳೆಯವರು. ಹೊಳಲ್ಕೆರೆಯ ಕರೆಂಟ್ ಸ್ಟೇಷನ್ನಿನಲ್ಲಿ ಒಂದು ಜಾಗ ಖಾಲಿ ಇದೆ, ಕಂಬ ಹತ್ತುವುದಿಲ್ಲ, ಸ್ವಿಚ್ಚು ತಿರುಗಿಸುವುದು, ಮೀಟರು ನೋಡುವುದು, ಶ್ರಾವಣಕ್ಕೆ ಮುಂಚೆ ಹೂಂ ಅನ್ನು ಎಂದಿದ್ದರು. ಕೈ ಸತ್ತವನು ಅಂಥ ಕಡೆ ಕುಳಿತು ಇನ್ನೊಬ್ಬರ ಜೀವ ತೆಗೆಯಲೇ ಎಂದು ಇವನು ಸುಮ್ಮನಿದ್ದ. ಕೈ ಇದೆಯೋ ಇಲ್ಲವೋ ತನಗೆ ತಾನೇ ಗೊತ್ತಾಗಬೇಕು. ಯಾರೋ ಹೇಳಿದರಂತೆ, ನೀರೊಳಗಿನ ಮೀನು ಯಾವಾಗ ಮುಟ್ಟುತ್ತದೆಂದು ಕಣ್ಣಿಗೂ ಗೊತ್ತಿಲ್ಲ, ಮನಸ್ಸಿಗೂ ಗೊತ್ತಿಲ್ಲ ಅಂತ. ಅದು ಅವನ ತಲೆಯಲ್ಲಿ ಕುಳಿತಿತ್ತು. ಮೀನು ಮುಟ್ಟಿದ್ದು ಬಲಗೈಗೆ ತಿಳಿದರೆ ಕೆಲಸ, ತಿಳಿಯದಿದ್ದರೆ ಮನೆ. ಗಾಳ ಹಿಡಿದು ಗೊತ್ತಿಲ್ಲದ ಮನುಷ್ಯ ಇಷ್ಟು ದೊಡ್ಡ ಪಂದ್ಯ ಕಟ್ಟಿಕೊಂಡು ಬಂದಿದ್ದ.

ನಮ್ಮ ದಡದಲ್ಲಿ ದಾರಕ್ಕೆ ತೇಲುವ ಬೆಂಡು ಕಟ್ಟುವುದಿಲ್ಲ. ಈ ಗಾಳಿಗೆ ಬೆಂಡು ಸುಮ್ಮನೆ ಕುಣಿಯುತ್ತಿರುತ್ತದೆ, ಮೀನಿಗೂ ಅಲೆಗೂ ವ್ಯತ್ಯಾಸ ಸಿಗುವುದಿಲ್ಲ. ಕೋಲಿನ ಮೂಲಕ ಕೈಗೆ ಬಂದದ್ದೇ ಸುದ್ದಿ. ಇನ್ನೊಂದು ಪದ್ಧತಿಯೂ ಇದೆ. ಹೊಸದಾಗಿ ಬಂದವನು ಯಾರೇ ಆಗಲಿ, ಮೊದಲ ಮೀನು ಹಿಡಿಯುವವರೆಗೆ ಹೊಸಬರ ಕೋಲನ್ನೇ ಹಿಡಿಯಬೇಕು. ಅದು ಜಂಬಣ್ಣನ ತಂದೆ ಕಡಿದು ತಂದು ಹದ ಮಾಡಿದ ಬಿದಿರು. ನಾನೂ ಅದರಲ್ಲೇ ಕಲಿತವನು, ಜಂಬಣ್ಣನೂ ಅದರಲ್ಲೇ ಕಲಿತವನು. ಮೊದಲ ಮೀನನ್ನು ಗಂಗಮ್ಮನಿಗೆ ಎಂದು ನೀರಿಗೆ ಬಿಟ್ಟು, ಕೋಲನ್ನು ಬೇವಿನ ಮರದ ಕವಲಿಗೆ ವಾಪಸು ಒರಗಿಸಿದರೆ ಅವನು ದಡದವನಾದ.

ಜಂಬಣ್ಣ ಎದ್ದು ಹೋಗಿ ಅದನ್ನು ತಂದು ಶಿವರಾಜನ ಕೈಗೆ ಕೊಟ್ಟ. "ಬರ್ರಿ ಲೈನ್‌ಮನ್ರೇ, ಕುಂತ್ಕಳ್ರಿ. ಈ ಕಂಬಕ್ಕೆ ಕರೆಂಟಿಲ್ಲ, ಹೆದರಬ್ಯಾಡ್ರಿ" ಎಂದ. ಶಿವರಾಜ್ ನಕ್ಕ. ಅವನು ನಕ್ಕು ಬಹಳ ದಿನವಾಯಿತೆಂದು ಮಮತಾ ಆಮೇಲೆ ನನಗೆ ಹೇಳಿದಳು.

ಅವತ್ತು ಏನೂ ಆಗಲಿಲ್ಲ. ಮರುದಿನವೂ ಇಲ್ಲ. ಕೊಕ್ಕೆಗೆ ಸಿಕ್ಕಿಸಿದ ಎರೆಹುಳು ಮಾಯವಾಗಿರುತ್ತಿತ್ತು, ಬರೀ ಕೊಕ್ಕೆ ಮೇಲೆ ಬರುತ್ತಿತ್ತು. ಅಂದರೆ ಮೀನು ಮುಟ್ಟಿದೆ, ಇವನಿಗೆ ತಿಳಿದಿಲ್ಲ. ಪ್ರತಿ ಸಲ ಬರಿಗೊಕ್ಕೆ ನೋಡಿದಾಗ ಅವನ ಮುಖ ಇನ್ನಷ್ಟು ಬಾಡುತ್ತಿತ್ತು. ಹೊಸ ಕೈಯಲ್ಲವೇ, ಸಮಯ ಹಿಡಿಯುತ್ತದೆ ಎಂದು ಜಂಬಣ್ಣ ಸಮಾಧಾನ ಹೇಳುತ್ತಿದ್ದ. ಅವನು ಬಾಯಿ ಜೋರಿನವನೇ ಹೊರತು ಕೆಟ್ಟವನಲ್ಲ.

ಒಂದು ದಿನ ಮಮತಾ ಒಬ್ಬಳೇ ನಮ್ಮ ಮನೆಗೆ ಬಂದಳು. ಚಿತ್ರದುರ್ಗದ ಅಂಗಡಿಯೊಂದರಲ್ಲಿ ಗಾಳದ ಕೋಲು ನೋಡಿ ಬಂದಿದ್ದಳು. ಕೊರಮೀನು ಹಿಡಿಯುವ ಹುಡುಗರು ಕೊಳ್ಳುವಂಥವು. ಅಂಗಡಿಯವನು ಮೊದಲು ಮಿರಿಮಿರಿ ಮಿಂಚುವ ದೊಡ್ಡದನ್ನು ತೋರಿಸಿದನಂತೆ, ಆಮೇಲೆ ಮಗುವಿನ ಆಟಿಕೆಯಂಥದ್ದನ್ನು, ಕಲಿಯುವವರಿಗೆ ಇದು ಸಾಕಮ್ಮ ಎಂದು.

"ತಾತ, ಏನೂ ಬರದೋರಿಗೆ ಒಳ್ಳೆ ಕೋಲು ಯಾಕೆ ಅಂತಾರೆ ಎಲ್ರೂ. ನಿಜ ಹೇಳು, ಬೇಕಾ?"

ಅವಳು ಕಾಫಿ ಕುಡಿದು ಮುಗಿಸುವವರೆಗೂ ಯೋಚಿಸಿದೆ. ನನ್ನ ಕೈಗೆ ತೊಗರಿ ಕಟ್ಟಿಗೆ ಕೊಟ್ಟರೂ ಮೀನು ಮುಟ್ಟಿದ್ದು ತಿಳಿದೀತು, ತಿಳಿಯದಿದ್ದರೆ ಕಟ್ಟಿಗೆಯದೇ ತಪ್ಪು ಎಂದು ಎಸೆಯುತ್ತೇನೆ. ಹೊಸಬನಿಗೆ ಆ ಧೈರ್ಯ ಎಲ್ಲಿಂದ ಬರಬೇಕು? ಕೋಲು ಕೆಟ್ಟದ್ದಿದ್ದರೂ ಅವನು ತನ್ನನ್ನೇ ಬೈದುಕೊಳ್ಳುತ್ತಾನೆ. ಹಾಲುರಾಮೇಶ್ವರದ ಕಡೆಯಿಂದ ಬರುತ್ತಿದ್ದ ಲಕ್ಷ್ಮೀಕಾಂತ್ ಎಂಬ ಗುಮಾಸ್ತರು ನೆನಪಾದರು. ಒಂದು ಬೇಸಿಗೆ ಪೂರ್ತಿ ಹೊಸಬರ ಕೋಲು ಹಿಡಿದು ಕುಳಿತರು, ಒಂದು ಮೀನೂ ಸಿಗದೆ ಬರುವುದನ್ನೇ ಬಿಟ್ಟರು. ಅವರ ಕೈಗುಣ ಸರಿಯಿಲ್ಲ ಎಂದು ನಾವು ಮಾತಾಡಿಕೊಂಡಿದ್ದೆವು.

ದೊಡ್ಡದು ಬೇಡ, ಆಟಿಕೆಯೂ ಬೇಡ ಎಂದೆ. "ಹಗುರಾಗಿರ್ಬೇಕು. ತುದಿ ಮುಟ್ಟಿದ್ರೆ ಬುಡದಾಗೆ ಗೊತ್ತಾಗ್ಬೇಕು. ಅಷ್ಟಿದ್ರೆ ಸಾಕವ್ವ."

ಅವಳು ಹಾಗೇ ನೋಡಿ ತಂದಳು. ಆದರೆ ಶಿವರಾಜ್ ಅದನ್ನು ಮುಟ್ಟಲಿಲ್ಲ. ದಡದ ಮೇಲೆ ನಮ್ಮೆಲ್ಲರ ಎದುರಿಗೇ, ಇವರೆಲ್ಲ ಕಲಿತದ್ದು ಆ ಬಿದಿರಿನಲ್ಲೇ, ನನಗೆ ಮಾತ್ರ ಬೇರೆ ಬೇಕೆಂದರೆ ಕೈ ಸತ್ತಿದೆ ಎಂದು ಒಪ್ಪಿಕೊಂಡ ಹಾಗೇ ಅಲ್ಲವೇ ಎಂದ. ಜಂಬಣ್ಣನೂ ಪದ್ಧತಿ ಪದ್ಧತಿಯೇ ಎಂದ. ಅಪ್ಪನ ಕೋಲು ಅವನಿಗೆ ಅಪ್ಪನೇ. ಮಮತಾ ಹೊಸ ಕೋಲನ್ನು ಮರಕ್ಕೆ ಒರಗಿಸಿದಳು, ಅದು ಅಲ್ಲೇ ಉಳಿಯಿತು.

ಆಷಾಢ ಮುಗಿಯಲು ಬಂತು. ಒಂದು ಬೆಳಿಗ್ಗೆ ಮತ್ತೆ ಬರಿಗೊಕ್ಕೆ ಮೇಲೆ ಬಂದಾಗ ಶಿವರಾಜ್ ದಾರ ಸುತ್ತಿ, ಕೋಲನ್ನು ನನ್ನ ಮೊಣಕಾಲ ಮೇಲಿಟ್ಟ. "ಗೊತ್ತಾತು ತಾತ. ಇಲ್ಲ ಈ ಕೈ. ಇವತ್ತು ಆಫೀಸಿಗೆ ಫೋನ್ ಮಾಡಿ ಹೇಳಿಬಿಡ್ತೀನಿ" ಎಂದು ಎದ್ದು ಸ್ಕೂಟಿಯ ಕಡೆ ನಡೆದ.

ಎಷ್ಟೋ ವರ್ಷಗಳ ಮೇಲೆ ಆ ಕೋಲು ನನ್ನ ಕೈಗೆ ಬಂದಿತ್ತು. ಮರಕ್ಕೆ ಒರಗಿದ್ದನ್ನು ದಿನಾ ನೋಡುತ್ತಿದ್ದೆನೇ ಹೊರತು ಹಿಡಿದಿರಲಿಲ್ಲ. ಕಲಿತವರು ಯಾರೂ ಅದನ್ನು ಹಿಡಿಯುವುದಿಲ್ಲ. ನನಗೆ ನೆನಪಿದ್ದದ್ದು ಬೇರೆ ಕೋಲು. ಎಣ್ಣೆ ಕುಡಿದು ನುಣ್ಣಗಾಗಿದ್ದ ಬರಿ ಬಿದಿರು, ಅಂಗೈಗೆ ತಣ್ಣಗೆ ತಾಗುತ್ತಿತ್ತು. ಈಗ ಬುಡವೆಲ್ಲ ದಪ್ಪಗಾಗಿ ಮೆತ್ತಗಿತ್ತು. ಯಾವಾಗಲೋ ಬುಡ ಸೀಳಿದೆ, ಯಾರೋ ಸೈಕಲ್ ಟ್ಯೂಬು ಸುತ್ತಿದ್ದಾರೆ. ಅದು ಸಡಿಲವಾದಾಗ ಇನ್ನೊಬ್ಬ ಹೊಸಬ ಬಟ್ಟೆ ಸುತ್ತಿ ಅದರ ಮೇಲೆ ಮತ್ತೆ ಟ್ಯೂಬು ಸುತ್ತಿದ್ದಾನೆ. ಬಂದವರೆಲ್ಲ ಮರ್ಯಾದೆಯಿಂದ ಒಂದೊಂದು ಸುತ್ತು ಸೇರಿಸಿದ್ದಾರೆ.

ಶಿವರಾಜನನ್ನು ಕರೆದು, ಸ್ವಲ್ಪ ನಿಲ್ಲು ಎಂದೆ. ಕೋಲನ್ನು ಜಂಬಣ್ಣನಿಗೆ ಕೊಟ್ಟು, ಕಣ್ಣು ಮುಚ್ಚಿಕೋ, ನಾನು ದಾರ ಮೀಟುತ್ತೇನೆ, ಗೊತ್ತಾದಾಗ ಹೇಳು ಎಂದೆ. ಇದೇನು ಮಕ್ಕಳಾಟ ಎಂದು ಗೊಣಗಿಕೊಂಡೇ ಅವನು ಕಣ್ಣು ಮುಚ್ಚಿದ. ನಮ್ಮ ದಡದಲ್ಲಿ ಜಂಬಣ್ಣನ ಕೈಯಷ್ಟು ಚುರುಕಾದ ಕೈ ಇನ್ನೊಂದಿಲ್ಲ. ಕಡ್ಡಿಯಷ್ಟು ಜಿಲೇಬಿ ಮೀನಿನ ಮರಿ ಮೂಸಿದರೂ ತಿಳಿಯುತ್ತದೆ ಅವನಿಗೆ. ನಾನು ದಾರದ ಕೊನೆ ಹಿಡಿದು ದೂರ ಹೋಗಿ, ಮೀನು ಮುಟ್ಟುವ ಹಾಗೆ ಉಗುರಿನಿಂದ ಮೀಟಿದೆ. ಸ್ವಲ್ಪ ತಡೆದು ಮತ್ತೆ ಮೀಟಿದೆ. ಆಮೇಲೆ ಇನ್ನೂ ಜೋರಾಗಿ.

"ಮೀಟಪ್ಪ ಓಬಣ್ಣ, ಯಾವಾಗ ಮೀಟ್ತೀಯ?" ಎಂದ ಜಂಬಣ್ಣ.

ಅವನು ಕಣ್ಣು ತೆರೆದು ನನ್ನ ಬೆರಳು ದಾರದ ಮೇಲಿರುವುದನ್ನು ನೋಡಿದ. ಶಿವರಾಜನ ಮುಖ ನೋಡಿದ. ನಾನು ಇನ್ನೊಮ್ಮೆ ಮೀಟಿದೆ. ಜಂಬಣ್ಣ ಕೋಲನ್ನು ಎಡಗೈಗೆ ಬದಲಿಸಿಕೊಂಡ, ತಿರುಗಿ ಬಲಗೈಗೆ ತಂದ.

"ಹೌದಲ್ಲೋ" ಎಂದ ಮೆಲ್ಲಗೆ. "ನಂಗೂ ಏನೂ ಬರಲಿಲ್ಲ ಶಿವರಾಜ."

ಮರಕ್ಕೆ ಒರಗಿಸಿದ್ದ ಅಂಗಡಿ ಕೋಲನ್ನು ಅವನೇ ಎದ್ದು ತಂದು ಶಿವರಾಜನ ಬಲಗೈಯಲ್ಲಿಟ್ಟ. ಶಿವರಾಜ್ ಬೇಡವೆನ್ನಲಿಲ್ಲ. ಕಣ್ಣು ಮುಚ್ಚಿದ. ಈ ಸಲ ನಾನು ಬಹಳ ಹೊತ್ತು ಸುಮ್ಮನಿದ್ದೆ. ಅವನ ಮನಸ್ಸು ಕಾದು ಕಾದು ಬೇರೆಲ್ಲಿಗೋ ಹೋಗಲಿ ಎಂದು. ಗುಡ್ಡದ ಯಂತ್ರಗಳ ಸದ್ದು ಬರುತ್ತಿತ್ತು. ಮಮತಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಬಿಚ್ಚುತ್ತ ನಿಂತಿದ್ದಳು. ಆಮೇಲೆ, ಹುಳು ಕಚ್ಚಿದಷ್ಟೇ ಮೆಲ್ಲಗೆ, ಒಮ್ಮೆ ಮೀಟಿದೆ.

"ಬಂತು" ಎಂದ.

ಮತ್ತೆ ಮೀಟಿದೆ. ಬಂತು ಎಂದ. ಸುಮ್ಮನಿದ್ದೆ, ಅವನೂ ಸುಮ್ಮನಿದ್ದ. ಮತ್ತೆ ಮೀಟಿದೆ. ಕಣ್ಣು ಮುಚ್ಚಿಕೊಂಡೇ ಅವನು ಬೆರಳುಗಳನ್ನು ಒಂದೊಂದಾಗಿ ಎತ್ತಿ ಇಟ್ಟು ನೋಡಿದ. "ಹೆಬ್ಬೆಟ್ಟು ಐತೆ. ಇದೈತೆ, ಇದೈತೆ. ಕಿರುಬೆರಳು, ಅದರ ಪಕ್ಕದ್ದು... ಅವೆರಡು ಇಲ್ಲ" ಎಂದ. ಅವನ ದನಿಯಲ್ಲಿ ದುಃಖವಿರಲಿಲ್ಲ.

ಅವತ್ತೇ ಮೀನೂ ಬಂತು. ಬಿಸಿಲು ಏರುವ ಹೊತ್ತಿಗೆ ಅವನು ನಮಗ್ಯಾರಿಗೂ ಹೇಳದೆ ಕೋಲು ಎಳೆದ, ತುದಿ ಬಾಗಿತು. ಕೊರಮೀನು, ಅಂಗೈಗಿಂತ ಸ್ವಲ್ಪ ದೊಡ್ಡದು. ಅದು ನೀರಿನ ತಳಕ್ಕೆ ಜಗ್ಗಿದಾಗ ಆ ಎರಡು ಬೆರಳು ತಾವಾಗಿ ಬಿಟ್ಟುಕೊಂಡವು, ಕೋಲು ಜಾರಿತು. ಮಮತಾ ಹಿಡಿಯಲು ಓಡಿದಳು. ಅಷ್ಟರಲ್ಲಿ ಅವನು ಎಡಗೈ ಕೊಟ್ಟಿದ್ದ. ದಡಕ್ಕೆ ತಂದು ಕೊಕ್ಕೆ ಬಿಡಿಸಿ, ಮೀನನ್ನು ನೀರಿಗೆ ಬಿಟ್ಟು, ಅದು ಹೋದ ಕಡೆಯನ್ನೇ ನೋಡುತ್ತ ಕುಕ್ಕರುಗಾಲಲ್ಲಿ ಕುಳಿತ.

"ಕಂಬದ ಮ್ಯಾಲೆ ಹಿಂಗೇ ಬಿಟ್ಕಂಡಿದ್ರೆ" ಎಂದ ಹೆಂಡತಿಗೆ.

"ಅದಕ್ಕೇ ಹೊಳಲ್ಕೆರೆ" ಎಂದಳು ಅವಳು.

ಅವನು ಹೂಂ ಎಂದ. ಸ್ವಿಚ್ಚು ತಿರುಗಿಸಲು ಮೂರು ಬೆರಳು ಸಾಕು, ಇನ್ನೊಂದು ಕೈ ಹೇಗೂ ಇದೆ ಎಂದ. ಫೋನ್ ಮಾಡಿದ್ದು ಅಲ್ಲಿಂದಲೇ. ಗಾಳಿಗೆ ಆ ಕಡೆಯವರಿಗೆ ಕೇಳಿಸದೆ, ಬರ್ತೀನಿ ಸಾರ್, ಬರ್ತೀನಿ ಎಂದು ಎರಡು ಸಲ ಕೂಗಬೇಕಾಯಿತು.

ಮೊದಲ ಮೀನು ಅಂಗಡಿ ಕೋಲಿಗೆ ಬಂದದ್ದರಿಂದ ಅವನು ದಡದವನಾದನೋ ಇಲ್ಲವೋ ಎಂದು ಜಂಬಣ್ಣನನ್ನು ಯಾರೂ ಕೇಳಲಿಲ್ಲ. ಅವನು ಅಪ್ಪನ ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಚಾಕುವಿನಿಂದ ಟ್ಯೂಬು ಸೀಳುತ್ತಿದ್ದ. ಒಂದು ಪದರ ಕೆಂಪು, ಒಂದು ಕಪ್ಪು, ನಡುವೆ ಯಾರದೋ ಪಂಚೆಯ ಚೂರು. ಒಳಗಿನ ಬಿದಿರು ಬೆವರು ಕುಡಿದು ಕಪ್ಪಾಗಿತ್ತು, ಬುಡ ಗೇಣುದ್ದ ಸೀಳಿತ್ತು. ಸೀಳಿದಷ್ಟನ್ನೂ ಕೊಯ್ದು ಹಾಕಿದ. ಕೋಲು ಗಿಡ್ಡವಾಯಿತು. ಅಂಗೈಯಲ್ಲಿ ಹಿಡಿದು ತುದಿಯನ್ನು ಮೀಟು ಎಂದು ನನ್ನ ಕಡೆ ಚಾಚಿದ. ಮೀಟಿದೆ. ಗೊತ್ತಾಯಿತು ಎಂದು ತಲೆಯಾಡಿಸಿದ. ಆ ಗುಮಾಸ್ತ ಲಕ್ಷ್ಮೀಕಾಂತರ ಊರು ಯಾವುದು, ಇನ್ನೂ ಅಲ್ಲೇ ಇದ್ದಾರಾ ಎಂದು ಸಂಜೆ ನನ್ನನ್ನು ಕೇಳಿದ.

ಶ್ರಾವಣ ಹುಟ್ಟುವ ಮುಂಚೆ ಗಂಡ ಹೆಂಡತಿ ಸಾಮಾನು ಕಟ್ಟಿದರು. ಹೊಸ ಕೋಲನ್ನು ಸ್ಕೂಟಿಯ ಪಕ್ಕಕ್ಕೆ ಹುರಿಯಿಂದ ಬಿಗಿದಿದ್ದರು. ಸ್ಕೂಟಿ ಓಡಿಸುತ್ತಿದ್ದವನು ಶಿವರಾಜ್, ಹಿಂದೆ ಕುಳಿತವಳು ಮಮತಾ. ಅವರು ಹೊಳಲ್ಕೆರೆಗೆ ಹೋದದ್ದು ಗುರುವಾರ.